ಸಮುದ್ರದ ನಡುವಿನ ಗೋಡೆ

(ಸುವರ್ಣ ಮಹೋತ್ಸವದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ನಮ್ಮ ಭಾಗದ ಎಷ್ಟೋ ಜನ ದುಡಿಯಲು ಮುಂಬೈಗೆ ಹೋಗುತ್ತಾರೆ. ಆ ಮುಂಬೈ ದಡದಿಂದ ಸುಮಾರು 160 ಕಿಲೋಮೀಟರ್ ದೂರ, ಅರಬ್ಬಿ ಸಮುದ್ರದಲ್ಲಿ ಮುಂಬೈ ಹೈ ತೈಲಕ್ಷೇತ್ರವಿದೆ. ಉಕ್ಕಿನ ಕಂಬಗಳ ಮೇಲೆ ಕಟ್ಟಿದ ಅಟ್ಟಣಿಗೆಗಳಿಂದ ಅಲ್ಲಿ ಎಣ್ಣೆ, ಗ್ಯಾಸ್ ತೆಗೆಯುತ್ತಾರೆ. ಕೆಲಸಗಾರರು ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ. ಗ್ಯಾಸ್ ಸಿಡಿದರೆ ಓಡಿಹೋಗಲು ಹೊಲವಿಲ್ಲ, ಸುತ್ತಲೂ ನೀರು. ಆದ್ದರಿಂದ ಅಟ್ಟಣಿಗೆ ಎಂಥ ಸ್ಫೋಟವನ್ನು ತಾಳುತ್ತದೆ ಎಂದು ಮೊದಲೇ ಲೆಕ್ಕ ಹಾಕಬೇಕು.

ಈ ಪಾಠವನ್ನು ಜಗತ್ತು ಕಲಿತದ್ದು 1988ರ ಜುಲೈ 6ರಂದು. ಬ್ರಿಟನ್ನಿನ ಉತ್ತರ ಸಮುದ್ರದಲ್ಲಿದ್ದ ಪೈಪರ್ ಆಲ್ಫಾ ಅಟ್ಟಣಿಗೆಯಲ್ಲಿ ಗ್ಯಾಸ್ ಸೋರಿ ಸಿಡಿಯಿತು. ಅಲ್ಲಿಯ ಗೋಡೆಗಳನ್ನು ಬೆಂಕಿ ತಡೆಯಲು ಕಟ್ಟಿದ್ದರು, ಸ್ಫೋಟ ತಡೆಯಲು ಅಲ್ಲ. ಗೋಡೆ ಒಡೆಯಿತು, ಬೆಂಕಿ ಹಬ್ಬಿತು. 167 ಜನ ಸತ್ತರು.

ಸ್ಫೋಟದ ಒತ್ತಡ ಒಂದು ಬಾರ್ ಎಂದರೆ, ಒಂದು ಚದರ ಮೀಟರ್ ಗೋಡೆಯ ಮೇಲೆ ಸುಮಾರು 10 ಟನ್, ಅಂದರೆ 100 ಕ್ವಿಂಟಲ್ ತೊಗರಿಯ ಭಾರ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುತ್ತದೆ. ಅದನ್ನು ತಾಳಲು ಬಿಗುವೊಂದೇ ಸಾಲದು. ಶಹಾಬಾದ ಫರ್ಸಿಗೆ ಸುತ್ತಿಗೆ ಬಿದ್ದರೆ ಒಡೆಯುತ್ತದೆ. ತಗಡು ಬಾಗುತ್ತದೆ, ಆದರೆ ಹರಿಯುವುದಿಲ್ಲ. ಸ್ಫೋಟ ತಡೆವ ಗೋಡೆಯನ್ನೂ ಹೀಗೆಯೇ ಮಡಿಕೆ ಮಡಿಕೆಯ ಉಕ್ಕಿನ ತಗಡಿನಿಂದ ಮಾಡುತ್ತಾರೆ. ಅದು ಬಾಗಿ ಹೊಡೆತ ನುಂಗುತ್ತದೆ. ಎಷ್ಟು ಬಾಗಿದರೆ ಕೀಲು ಹರಿಯುತ್ತದೆ ಎಂಬುದೇ ಮುಖ್ಯ ಲೆಕ್ಕ.

ಪಟಾಕಿಯನ್ನು ಬಯಲಲ್ಲಿ ಹಚ್ಚಿದರೆ ಬರೀ ಸದ್ದು, ಡಬ್ಬಿಯ ಕೆಳಗಿಟ್ಟರೆ ಡಬ್ಬಿಯೇ ಹಾರುತ್ತದೆ. ಅದಕ್ಕೇ ಎಷ್ಟೋ ಕಡೆ ನೆಲಕ್ಕೆ ಜಾಲರಿ ಹಾಕಿ, ಬದಿಗಳನ್ನು ತೆರೆದಿಟ್ಟು, ಒತ್ತಡ ಹೊರಹೋಗಲು ದಾರಿ ಬಿಡುತ್ತಾರೆ.

ಗೋಡೆಯೊಂದೇ ಎಲ್ಲರನ್ನೂ ಕಾಯಲಾರದು. 2005ರ ಜುಲೈ 27ರಂದು ಮುಂಬೈ ಹೈಯಲ್ಲಿ ಹಡಗು ತಾಗಿ ಗ್ಯಾಸ್ ಕೊಳವೆ ಒಡೆಯಿತು. ಸುಮಾರು ಎರಡು ಗಂಟೆಯಲ್ಲಿ ಅಟ್ಟಣಿಗೆಯೇ ಕುಸಿಯಿತು. 22 ಜನ ಸತ್ತರು, ನೂರಾರು ಜನ ಉಳಿದರು. ಗೋಡೆ, ಕಂಬಗಳು ಹೆಚ್ಚು ಹೊತ್ತು ನಿಂತಷ್ಟೂ ಜನ ದೋಣಿ ತಲುಪಲು ಸಮಯ ಸಿಗುತ್ತದೆ. ನಾವು ಲೆಕ್ಕ ಹಾಕುವುದು ಆ ಸಮಯಕ್ಕಾಗಿ.

ಮಕ್ಕಳೇ, ಒತ್ತಡವೆಂದರೆ ಬಲ ಭಾಗಿಸು ವಿಸ್ತೀರ್ಣ ಎಂದು ಇದೇ ಶಾಲೆಯಲ್ಲಿ ಓದುತ್ತೀರಿ. ಬರೀ ಅಂಕಕ್ಕಾಗಿ ಓದಬೇಡಿ. ಆ ಸೂತ್ರದ ಆಚೆ ಯಾರದೋ ಮನೆಯ ಮಗ ದುಡಿಯುತ್ತಿರುತ್ತಾನೆ.