ಕಾಟಿಗೆ ಚುಚ್ಚುಮದ್ದು ಹಾಕುವವರು ಯಾರು?

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿ ದಂಡೆಯ ಮೇಲೆ, ದನಗಳ ಜಾತ್ರೆ ಸೇರುತ್ತದೆ. ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದಲ್ಲೂ ಅಂಥದೇ ಜಾತ್ರೆ. ಕೊಂಬಿಗೆ ಬಣ್ಣ ಬಳಿಸಿಕೊಂಡು, ಕೊರಳಿಗೆ ಗೆಜ್ಜೆ ಕಟ್ಟಿಸಿಕೊಂಡು ಹಳ್ಳಿಕಾರ್ ಜೋಡಿಗಳು ಸಾಲಾಗಿ ನಿಂತಿರುತ್ತವೆ. ಹಲ್ಲು ಎಣಿಸುವವರು ಒಂದು ಕಡೆ, ಸುಳಿ ನೋಡುವವರು ಇನ್ನೊಂದು ಕಡೆ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವವರು ಮತ್ತೊಂದು ಕಡೆ. ಹೊಳೆನರಸೀಪುರದಿಂದ ಬಂದ ಎತ್ತು, ಹಾಸನದಿಂದ ಬಂದ ಎತ್ತು ಎರಡೂ ಒಂದೇ ತೊಟ್ಟಿಯಲ್ಲಿ ನೀರು ಕುಡಿಯುತ್ತವೆ.

ಮಕ್ಕಳೇ, ಆ ಎತ್ತುಗಳಲ್ಲಿ ಒಂದಕ್ಕೆ ಕಾಲುಬಾಯಿ ಜ್ವರ ಅಂಟಿದ್ದು, ಅದಿನ್ನೂ ಹೊರಗೆ ಕಾಣಿಸಿಕೊಳ್ಳದೇ ಇದ್ದರೆ ಏನಾಗುತ್ತದೆ? ಈ ರೋಗದ ಕೆಟ್ಟ ಗುಣವೇ ಅದು. ಬಾಯಲ್ಲಿ ಹುಣ್ಣು ಏಳುವುದಕ್ಕೆ ಒಂದೆರಡು ದಿನ ಮೊದಲೇ ದನದ ಉಸಿರಿನಲ್ಲಿ, ಜೊಲ್ಲಿನಲ್ಲಿ, ಹಾಲಿನಲ್ಲಿ ವೈರಸ್ ಹೊರಬೀಳತೊಡಗುತ್ತದೆ. ಕೊಂಡವರಿಗೆ ಗೊತ್ತಿಲ್ಲ, ಮಾರಿದವರಿಗೂ ಗೊತ್ತಿಲ್ಲ. ಜಾತ್ರೆ ಮುಗಿದ ವಾರದಲ್ಲಿ ಹತ್ತಾರು ಊರಿನ ಕೊಟ್ಟಿಗೆಗಳಲ್ಲಿ ದನಗಳು ಮೇವು ಬಿಟ್ಟು ನಿಂತುಬಿಡುತ್ತವೆ.

ಮೊದಲು ಮೈ ಸುಡುವ ಜ್ವರ. ಆಮೇಲೆ ನಾಲಿಗೆ, ವಸಡು, ಗೊರಸಿನ ಸಂದು, ಕೆಚ್ಚಲ ಮೇಲೆ ನೀರುಗುಳ್ಳೆಗಳು. ಗುಳ್ಳೆ ಒಡೆದು ಹುಣ್ಣಾದಾಗ ದನ ಚಪ್‌ಚಪ್ ಎಂದು ಬಾಯಾಡಿಸುತ್ತದೆ, ನೂಲಿನಂತೆ ಜೊಲ್ಲು ಇಳಿಯುತ್ತದೆ, ನಡೆಯಲಾರದೆ ಕಾಲು ಎಳೆಯುತ್ತದೆ. ಹಾಲು ಕರೆಯುವ ಸೀಮೆ ಹಸುಗಳಿಗೆ ನಮ್ಮ ನಾಟಿ ದನಗಳಿಗಿಂತ ಹೆಚ್ಚು ಬಾಧೆ. ದೊಡ್ಡ ದನಗಳು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಆದರೆ ಎಳೆಗರುಗಳಲ್ಲಿ ಈ ವೈರಸ್ ನೇರವಾಗಿ ಹೃದಯಕ್ಕೇ ನುಗ್ಗುವುದುಂಟು. ಹಾಗೆ ಸತ್ತ ಕರುವಿನ ಹೃದಯದಲ್ಲಿ ಬಿಳಿಚಿದ ಪಟ್ಟೆಗಳು ಕಾಣುತ್ತವೆ. ಪಶುವೈದ್ಯರು ಅದನ್ನು ‘ಹುಲಿ ಹೃದಯ’ ಎನ್ನುತ್ತಾರೆ. ಹಿಂದಿನ ದಿನ ಕುಣಿದಾಡುತ್ತಿದ್ದ ಕರು ಬೆಳಗಾಗುವಷ್ಟರಲ್ಲಿ ಇಲ್ಲವಾಗುವುದನ್ನು ನೋಡಿದ ಮನೆಯವರ ಸಂಕಟ ಹೇಳತೀರದು. 2013ರಲ್ಲಿ ದಕ್ಷಿಣ ಕರ್ನಾಟಕದ ಜಿಲ್ಲೆಗಳಲ್ಲಿ ಈ ಜ್ವರ ಹಬ್ಬಿದಾಗ ಸಾವಿರಾರು ದನಗಳು ಸತ್ತವು, ಜಾತ್ರೆ ಸಂತೆಗಳನ್ನು ನಿಲ್ಲಿಸಬೇಕಾಯಿತು.

ಇಷ್ಟೆಲ್ಲ ಮಾಡುವ ವೈರಸ್ ಎಷ್ಟು ದೊಡ್ಡದು ಗೊತ್ತೇ? ನಿಮ್ಮ ಸ್ಕೇಲಿನಲ್ಲಿರುವ ಒಂದೇ ಒಂದು ಮಿಲಿಮೀಟರಿನ ಜಾಗದಲ್ಲಿ ಸಾಲಾಗಿ ನಿಲ್ಲಿಸಿದರೆ 30,000ಕ್ಕೂ ಹೆಚ್ಚು ಹಿಡಿಸುತ್ತವೆ. ಜರ್ಮನಿಯ ಲೋಫ್ಲರ್ ಮತ್ತು ಫ್ರಾಶ್ ಎಂಬ ಇಬ್ಬರು ವಿಜ್ಞಾನಿಗಳು ರೋಗಿ ದನದ ಗುಳ್ಳೆಯ ನೀರನ್ನು ಬ್ಯಾಕ್ಟೀರಿಯಾ ಕೂಡ ತೂರಲಾರದಂಥ ಸೋಸುಕದಲ್ಲಿ ಸೋಸಿದರು. ಸೋಸಿದ ನೀರಿನಿಂದಲೂ ಕರುಗಳಿಗೆ ರೋಗ ಬಂತು! ಬ್ಯಾಕ್ಟೀರಿಯಾಕ್ಕಿಂತ ಚಿಕ್ಕದಾದ, ರೋಗ ತರುವ ಏನೋ ಒಂದು ಇದೆ ಎಂದು ಪ್ರಾಣಿಗಳ ವಿಷಯದಲ್ಲಿ ಮೊದಲ ಬಾರಿಗೆ ತಿಳಿದದ್ದು ಹೀಗೆ, 1898ರಲ್ಲಿ. ಪ್ರಾಣಿಗಳಲ್ಲಿ ಪತ್ತೆಯಾದ ಮೊತ್ತಮೊದಲ ವೈರಸ್ ನಮ್ಮ ಕೊಟ್ಟಿಗೆಯ ಈ ಕಾಲುಬಾಯಿ ಜ್ವರದ್ದೇ.

ಈಗ ಕಾಡಿನ ಕಡೆ ಹೋಗೋಣ. ಗೊರಸು ಸೀಳಿರುವ ಪ್ರಾಣಿಗಳಿಗೆಲ್ಲ ಈ ರೋಗ ತಗಲಬಹುದು. ಹಸು, ಎಮ್ಮೆ, ಕುರಿ, ಮೇಕೆ, ಹಂದಿ ಮಾತ್ರವಲ್ಲ, ಜಿಂಕೆ, ಕಾಡುಹಂದಿ, ಕಾಟಿಗಳಿಗೂ ಬರಬಹುದು. ಗೊರಸು ಸೀಳಿರದ ಆನೆಗೂ ಬಂದದ್ದಿದೆ. ಕಾಡಿನಂಚಿನ ಹೊಂಡದಲ್ಲಿ ಮಧ್ಯಾಹ್ನ ನಮ್ಮ ದನ ನೀರು ಕುಡಿದರೆ ರಾತ್ರಿ ಕಾಡುಪ್ರಾಣಿ ಅಲ್ಲಿಗೇ ಬರುತ್ತದೆ. ಅವುಗಳಿಗೆ ಔಷಧ ಕೊಡುವವರು ಯಾರು? ಹಸಿದು ಕುಂಟುವ ಕಾಟಿಯನ್ನು ಕಟ್ಟಿಹಾಕಿ ಹುಣ್ಣು ತೊಳೆಯಲಾದೀತೇ?

ಈ ಪ್ರಶ್ನೆಗೆ ಉತ್ತರ ನಮ್ಮ ಕರ್ನಾಟಕದ ಚರಿತ್ರೆಯಲ್ಲೇ ಇದೆ. ನಿಮ್ಮ ಮುತ್ತಜ್ಜಂದಿರ ಕಾಲದಲ್ಲಿ ‘ದೊಡ್ಡರೋಗ’ ಎಂಬುದೊಂದಿತ್ತು. ಅದರ ಹೆಸರು ಕೇಳಿದರೆ ರೈತರು ನಡುಗುತ್ತಿದ್ದರು. ವಿಜ್ಞಾನದ ಪುಸ್ತಕಗಳಲ್ಲಿ ಅದು ರಿಂಡರ್‌ಪೆಸ್ಟ್. ಊರಿಗೆ ಊರೇ ದನಗಳನ್ನು ಕಳೆದುಕೊಂಡು ಉಳುಮೆ ನಿಂತುಹೋಗುತ್ತಿತ್ತು. 1968ರಲ್ಲಿ ಅದು ಬಂಡೀಪುರದ ಕಾಡಿಗೆ ನುಗ್ಗಿತು. ಅಲ್ಲಿನ ಕಾಟಿಗಳ ಹಿಂಡುಗಳು ನಾಶವಾದವು, ಮತ್ತೆ ತುಂಬಿಕೊಳ್ಳಲು ವರ್ಷಗಟ್ಟಲೆ ಬೇಕಾಯಿತು.

ಇವತ್ತು ದೊಡ್ಡರೋಗ ಲೋಕದಲ್ಲೇ ಇಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸೀರಂ ಸಂಸ್ಥೆ ಶುರುವಾದದ್ದೇ ಈ ರೋಗದ ವಿರುದ್ಧ ಹೋರಾಡಲು. ಆಮೇಲೆ ಒಳ್ಳೆಯ ಲಸಿಕೆ ಬಂತು. 1954ರಿಂದ ದೇಶದಾದ್ಯಂತ ಹಳ್ಳಿಹಳ್ಳಿಗೆ ಲಸಿಕೆಯವರು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ ಹೋದರು. ಭಾರತದಲ್ಲಿ ಕೊನೆಯದಾಗಿ ಅದು ಕಂಡದ್ದು 1995ರಲ್ಲಿ. 2011ರಲ್ಲಿ ಇಡೀ ಜಗತ್ತೇ ಆ ರೋಗದಿಂದ ಮುಕ್ತ ಎಂದು ಘೋಷಣೆಯಾಯಿತು. ಇಡೀ ಕೆಲಸದಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು: ಬಂಡೀಪುರದ ಕಾಟಿಗಳನ್ನು ಹಿಡಿದು ಚುಚ್ಚುಮದ್ದು ಹಾಕಲಿಲ್ಲ. ಊರಿನ ದನಕ್ಕೆ ಹಾಕಿದರು, ಕಾಡು ತಾನಾಗಿ ಉಳಿಯಿತು. ಹೊರಗಿನಿಂದ ವೈರಸ್ ಬರುವುದೇ ನಿಂತ ಮೇಲೆ ಕಾಡಿನಲ್ಲೂ ರೋಗ ಅಡಗಿತು.

ಹಾಗಾದರೆ ಕಾಲುಬಾಯಿ ಜ್ವರವನ್ನೂ ಹಾಗೇ ಓಡಿಸಬಾರದೇಕೆ ಎಂದು ನೀವು ಕೇಳಬೇಕು, ಕೇಳುವುದು ಸರಿಯೇ. ದೊಡ್ಡರೋಗದ ವೈರಸ್ಸಿನದು ಒಂದೇ ಬಗೆ. ಒಮ್ಮೆ ಲಸಿಕೆ ಹಾಕಿದರೆ ದನಕ್ಕೆ ಬಹುಕಾಲದ ರಕ್ಷಣೆ. ಕಾಲುಬಾಯಿ ಜ್ವರದ ವೈರಸ್ಸಿನದು ಏಳು ಬಗೆ. ಅಂಗಿ ಬದಲಿಸಿ ಬರುವ ಕಳ್ಳನ ಹಾಗೆ, ಒಂದು ಬಗೆಯನ್ನು ಗುರುತಿಟ್ಟುಕೊಂಡ ದನದ ಮೈ ಇನ್ನೊಂದನ್ನು ಗುರುತಿಸುವುದಿಲ್ಲ. ನಮ್ಮ ದೇಶದಲ್ಲಿ ಕಾಡುವ ಓ, ಎ, ಏಷ್ಯಾ-1 ಎಂಬ ಮೂರೂ ಬಗೆಯ ಸತ್ತ ವೈರಸ್ಸನ್ನು ಸೇರಿಸಿ ಲಸಿಕೆ ಮಾಡುತ್ತಾರೆ. ಆದರೂ ಅದರ ನೆನಪು ದನದ ಮೈಯಲ್ಲಿ ಬಹುಕಾಲ ನಿಲ್ಲದು. ಅದಕ್ಕೇ ಆರು ತಿಂಗಳಿಗೊಮ್ಮೆ ಮತ್ತೆ ಹಾಕಿಸಬೇಕು. 2019ರಿಂದ ದೇಶದಾದ್ಯಂತ ಇದಕ್ಕೊಂದು ದೊಡ್ಡ ಕಾರ್ಯಕ್ರಮವೇ ನಡೆಯುತ್ತಿದೆ. ನಿಮ್ಮ ಹಸುವಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇದೆಯಲ್ಲ, ಯಾವ ದನಕ್ಕೆ ಲಸಿಕೆಯಾಯಿತು ಎಂದು ಲೆಕ್ಕ ಇಡಲು ಅದೇ ಆಧಾರ.

ಹುಟ್ಟಿದ ಕೂಡಲೇ ಕರುವಿಗೂ ಹಾಕಬಹುದಲ್ಲ ಎನ್ನುತ್ತೀರಾ? ಕರು ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರಕ್ಷಣೆ ಬಂದಿರುತ್ತದೆ. ಅದು ಮೈಯಲ್ಲಿರುವಾಗ ಲಸಿಕೆ ಹಾಕಿದರೆ ಆ ರಕ್ಷಣೆಯೇ ಲಸಿಕೆಯನ್ನು ತಡೆದುಬಿಡುತ್ತದೆ, ಕರುವಿನ ಮೈ ಸ್ವತಃ ಏನನ್ನೂ ಕಲಿಯುವುದಿಲ್ಲ. ಹಾಗಾಗಿ ನಾಲ್ಕು ತಿಂಗಳು ತುಂಬಲು ಕಾಯುತ್ತಾರೆ, ತಿಂಗಳ ನಂತರ ಇನ್ನೊಮ್ಮೆ ಹಾಕುತ್ತಾರೆ. ಗಿಣ್ಣನ್ನು ನಾವೇ ಖಾಲಿ ಮಾಡದೆ ಕರುವಿಗೆ ಹೊಟ್ಟೆತುಂಬ ಬಿಡಬೇಕು ಎನ್ನುವುದು ಇದಕ್ಕೇ.

ಎಲ್ಲ ರೋಗವೂ ಒಂದೇ ದಾರಿಯಲ್ಲಿ ಬರುವುದಿಲ್ಲ. 2022ರಲ್ಲಿ ರಾಜ್ಯದ ದನಗಳನ್ನು ಕಾಡಿದ ಚರ್ಮಗಂಟು ರೋಗವನ್ನು ಹೊತ್ತು ತರುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು. ಅದಕ್ಕೆ ಕೊಟ್ಟಿಗೆ ಒಣಗಿರಬೇಕು, ಗೊಬ್ಬರದ ಗುಂಡಿ ದೂರವಿರಬೇಕು. ಗಳಲೆ, ಚಪ್ಪೆ ರೋಗಗಳು ಬ್ಯಾಕ್ಟೀರಿಯಾದವು, ಮಳೆಗಾಲದ ಜೊತೆ ಬರುವಂಥವು. ಅವುಗಳ ಲಸಿಕೆ ಮಳೆ ಹಿಡಿಯುವ ಮೊದಲೇ ಆಗಬೇಕು.

ಸೋಂಕಿದ ದನವನ್ನು ಬೇರೆ ಕಟ್ಟುವುದು ಹೊಸ ಬುದ್ಧಿಯೇನಲ್ಲ. ಊರಿಗೆ ಕಾಯಿಲೆ ಬಂದಾಗ ಮನೆ ಬಿಟ್ಟು ಊರ ಹೊರಗೆ ಬೀಡುಬಿಡುವ ‘ಹೊರಬೀಡು’ ನಮ್ಮ ಹಿರಿಯರಲ್ಲಿತ್ತು. ನೀವು ಮಾಡಬಹುದಾದದ್ದೂ ಬಹಳ ಇದೆ. ಕಾಯಿಲೆಯ ದನದ ಮೇವು, ನೀರು, ಬಕೆಟ್ ಬೇರೆ ಇರಲಿ. ಅದನ್ನು ಮುಟ್ಟಿದವರು ಕೈಕಾಲು ತೊಳೆಯದೆ ಬೇರೆ ಕೊಟ್ಟಿಗೆಗೆ ಹೋಗದಿರಲಿ. ಬಟ್ಟೆಸೋಡ ಕಲಸಿದ ನೀರಿನಲ್ಲಿ ನೆಲ ತೊಳೆದರೆ ಕಾಲುಬಾಯಿ ಜ್ವರದ ವೈರಸ್ ಉಳಿಯದು. ಅದಕ್ಕೆ ಹುಳಿಯೂ ಆಗದು, ಕ್ಷಾರವೂ ಆಗದು. ಹುಷಾರಿಲ್ಲದ ದನವನ್ನು ಜಾತ್ರೆಗೆ, ಸಂತೆಗೆ, ಹೊಳೆಯ ದಂಡೆಗೆ, ಕಾಡಂಚಿಗೆ ಹೊಡೆದುಕೊಂಡು ಹೋಗಬಾರದು. ಸಂಚಾರಿ ಪಶು ಚಿಕಿತ್ಸಾ ವಾಹನ ಕರೆಯಲು ದೂರವಾಣಿ ಸಂಖ್ಯೆ 1962.

ಚುಚ್ಚುಮದ್ದು ಹಾಕಿಸಿದರೆ ಒಂದೆರಡು ದಿನ ಹಾಲು ಕಡಿಮೆಯಾಗುತ್ತದೆಂದು ಕೆಲವರು ಹಸುವನ್ನು ಹಿತ್ತಲಿಗೆ ಅಟ್ಟುವುದುಂಟು. ಆ ಒಂದೆರಡು ಲೀಟರು ಹಾಲಿಗಾಗಿ ಊರಿನ ಕರುಗಳನ್ನೂ ಕಾಡಿನ ಕಾಟಿಗಳನ್ನೂ ಪಣಕ್ಕಿಡುವುದು ತಪ್ಪು. ಲಸಿಕೆಯವರು ಮುಂದಿನ ಸಲ ನಿಮ್ಮ ಬೀದಿಗೆ ಬಂದಾಗ, ನಾಲ್ಕು ತಿಂಗಳು ತುಂಬಿದ ಕರುವಿನ ಹಗ್ಗವನ್ನು ನೀವೇ ಹಿಡಿದು ತಂದು ನಿಲ್ಲಿಸಿ.