ಪೇಟೆ ಕಲಿಸಿತು, ದಂಡು ಕಲಿಸಲಿಲ್ಲ

(ರಾಜ್ಯೋತ್ಸವದ ಸಭೆಯಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣ)



"ಶಿವಾಜಿನಗರದಲ್ಲಿ ಕನ್ನಡ ಎಲ್ಲಿದೆ?" ಎಂದು ನಮ್ಮ ಹುಡುಗರು ಸಿಟ್ಟಿನಿಂದ ಕೇಳುತ್ತಾರೆ. ಸಿಟ್ಟು ಸಹಜ. ಆದರೆ ಯಾರ ಮೇಲೆ ಸಿಟ್ಟಾಗಬೇಕು ಅನ್ನುವುದಕ್ಕೆ ಮೊದಲು ಆ ಜಾಗದ ಚರಿತ್ರೆ ಗೊತ್ತಿರಬೇಕು.

ಶ್ರೀರಂಗಪಟ್ಟಣದ ಸೊಳ್ಳೆ, ಜ್ವರ ತಾಳಲಾರದೆ ಇಂಗ್ಲಿಷರು 1809ರಲ್ಲಿ ತಮ್ಮ ಸೈನ್ಯವನ್ನು ಬೆಂಗಳೂರಿನ ಹಲಸೂರಿನ ಬಳಿಗೆ ತಂದರು. ಅದೇ ದಂಡು, ಅಂದರೆ ಕಂಟೋನ್ಮೆಂಟ್. ಮದರಾಸು ಸೈನ್ಯದ ಬೆನ್ನಿಗೇ ತಮಿಳರು, ತೆಲುಗರು, ಉರ್ದು ಮಾತಿನವರು ಬಂದರು. ಅಡುಗೆಯವರು, ಅಗಸರು, ಗಾರೆ ಕೆಲಸದವರು, ವ್ಯಾಪಾರಿಗಳು. ಅವರು ನೆಲೆಸಿದ ಬ್ಲ್ಯಾಕ್‌ಪಲ್ಲಿಯೇ ಇಂದಿನ ಶಿವಾಜಿನಗರ. ನಾಡು ಗೆಲ್ಲಲು ಬಂದವರಲ್ಲ, ಗಂಜಿ ಹುಡುಕಿಕೊಂಡು ಬಂದವರು.

ಹಾಗಾದರೆ ಅಲ್ಲಿ ಕನ್ನಡ ಏಕೆ ಬೇರು ಬಿಡಲಿಲ್ಲ? ಪೇಟೆಯ ಕಡೆ ನೋಡಿ. ಚಿಕ್ಕಪೇಟೆ, ಬಳೇಪೇಟೆಗೂ ಮರಾಠಿಗರು, ತೆಲುಗರು, ಮಾರವಾಡಿಗಳು ಬಂದರು. ಅಲ್ಲಿ ಗಿರಾಕಿ ಕನ್ನಡದವನು. ಗಲ್ಲಾಪೆಟ್ಟಿಗೆಯೇ ಕನ್ನಡ ಕಲಿಸಿತು. ದಂಡಿನಲ್ಲಿ ಧಣಿ ಇಂಗ್ಲಿಷಿನವನು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಉಳಿಯಿತು. ಅದು ಮೈಸೂರಿಗೆ ಸೇರಿದ್ದು 1947ರಲ್ಲಿ. ಪೇಟೆ, ದಂಡು ಎರಡೂ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹೊಟ್ಟೆಪಾಡಿಗೆ ಕನ್ನಡ ಬೇಡದ ಕಡೆ ಅದನ್ನು ಯಾರು ಕಲಿತಾರು?

ಆಮೇಲಿನ ತಪ್ಪು ನಮ್ಮದು. ನಾನು ಪ್ರೆಸ್ ನಡೆಸುವವನು. ಬಿಲ್ ಪುಸ್ತಕ ಮಾಡಿಸಲು ಬಂದವರನ್ನು "ಇಂಗ್ಲಿಷ್ ಒಂದೇ ಸಾಕಲ್ಲವೇ?" ಎಂದು ಕೇಳುತ್ತಿದ್ದವನು ನಾನೇ. ಒಂದೇ ಭಾಷೆಯಾದರೆ ಪ್ರೂಫ್ ತಿದ್ದುವ ಕೆಲಸ ಕಡಿಮೆ! ಒಂದು ದಿನ ಶಿವಾಜಿನಗರದ ತಮಿಳು ವ್ಯಾಪಾರಿಯೊಬ್ಬರು, "ಕನ್ನಡದಲ್ಲೂ ಹಾಕಿ ಸಾರ್, ಹಳ್ಳಿಯಿಂದ ಬರೋರು ಓದ್ಬೇಕಲ್ಲ" ಅಂದರು. ನಾಚಿಕೆಯಿಂದ ತಲೆ ತಗ್ಗಿಸಿದೆ. ಅಂದಿನಿಂದ ನಮ್ಮ ಪ್ರೆಸ್ಸಿನಲ್ಲಿ ಕನ್ನಡವಿಲ್ಲದ ಬಿಲ್ ಪುಸ್ತಕ ಅಚ್ಚಾಗುವುದಿಲ್ಲ.

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2024ರಲ್ಲಿ ಕಾಯಿದೆಗೆ ತಿದ್ದುಪಡಿಯಾಯಿತು. ಒಳ್ಳೆಯದು. ಆದರೆ ಬೋರ್ಡಿನ ಕೆಳಗೆ ನಿಂತು ನಾವೇ ಹಿಂದಿಗೋ ತಮಿಳಿಗೋ ಹೊರಳಿದರೆ ಏನು ಬಂತು? ರಸೆಲ್ ಮಾರುಕಟ್ಟೆಗೆ ಹೋಗಿ. ಕನ್ನಡದಲ್ಲೇ ಬೆಲೆ ಕೇಳಿ, ಕನ್ನಡದಲ್ಲೇ ಚೌಕಾಸಿ ಮಾಡಿ. ಉತ್ತರ ತಪ್ಪುತಪ್ಪಾಗಿ ಬಂದರೆ ನಗಬೇಡಿ, ತಿದ್ದಿ. ಪೇಟೆಯಲ್ಲಿ ಗಿರಾಕಿ ಮಾಡಿದ ಕೆಲಸವನ್ನು ದಂಡಿನಲ್ಲೂ ಗಿರಾಕಿಯೇ ಮಾಡಬೇಕು. ಆ ಗಿರಾಕಿ ನೀವು.

ಜೈ ಕರ್ನಾಟಕ.