ಗ್ರಂಥಗೋಷ್ಠಿಯ ಧರ್ಮ



ವಿಜಯಪುರದಿಂದ ಪಡುವಣಕ್ಕೆ ಹೊರಟು ತಿಕೋಟೆಯನ್ನು ಹಾಯ್ದು ಹೋಗುವ ಅಥಣಿ ರಸ್ತೆಯು ಎರಡು ಪುಣ್ಯಸ್ಥಾನಗಳನ್ನು ಕೂಡಿಸುತ್ತದೆ. ಅದರ ಒಂದು ತುದಿಯಲ್ಲಿ ಗಚ್ಚಿನ ಮಠದ ಮುರುಘೇಂದ್ರ ಶಿವಯೋಗಿಗಳು (1836–1921) ಶಿವಾನುಭವವನ್ನು ಬಾಳಿ ತೋರಿಸಿದರು. ಇನ್ನೊಂದು ತುದಿಯಲ್ಲಿ ಫ. ಗು. ಹಳಕಟ್ಟಿಯವರು (1880–1964) ಶರಣರ ಅನುಭಾವವಾಣಿಯನ್ನು ಅಚ್ಚಿಗೆ ತಂದರು. ಇಂತಹ ದಾರಿಯ ಊರುಗಳಲ್ಲಿ ಹತ್ತು ಜನರು ಕೂಡಿ, ಓದಿದ ಪುಸ್ತಕದ ಮೇಲೆ ತಮ್ಮ ತಮ್ಮ ಅಭಿಪ್ರಾಯ ಹೇಳಿಕೊಳ್ಳುವದು ಹೊಸ ರೂಢಿಯೆಂದು ಯಾರೂ ತಿಳಿಯಬಾರದು.

ಆದರೂ ಭಕ್ತರ ಮನಸ್ಸಿನಲ್ಲಿ ಒಂದು ಸಂದೇಹವುಂಟು. ಗ್ರಂಥವು ಪೂಜ್ಯವಾದುದು, ಪೂಜ್ಯವಾದುದನ್ನು ಕುರಿತು ಅಭಿಪ್ರಾಯ ಹೇಳುವದು ಉದ್ಧಟತನವಲ್ಲವೇ?

ಈ ಸಂದೇಹಕ್ಕೆ ಶೂನ್ಯಸಂಪಾದನೆಯೇ ಉತ್ತರವಾಗಿದೆ. ಆ ಗ್ರಂಥವೆಲ್ಲವೂ ಸಂವಾದರೂಪದ್ದು. ಅಣ್ಣ ಅಜಗಣ್ಣನನ್ನು ಕಳೆದುಕೊಂಡು ಶೋಕಿಸುತ್ತಿದ್ದ ಮುಕ್ತಾಯಕ್ಕನು ಅಲ್ಲಮಪ್ರಭುವಿನ ಮಾತನ್ನು ಕೇಳಿದ ಕೂಡಲೆ ಒಪ್ಪಿ ತಲೆಬಾಗಲಿಲ್ಲ; ಎದುರು ನಿಂತು ಪ್ರಶ್ನಿಸಿದಳು. ಪ್ರಭುವು ಸಿಟ್ಟಾಗದೆ ಉತ್ತರ ಕೊಟ್ಟನು. ಗ್ರಂಥದ ಚರಿತ್ರೆಯೂ ಹೀಗೆಯೇ ಇದೆ. ಶಿವಗಣಪ್ರಸಾದಿ ಮಹಾದೇವಯ್ಯನು ಸಂಕಲಿಸಿದ ಶೂನ್ಯಸಂಪಾದನೆಯನ್ನು ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರು ಒಬ್ಬರಾದ ಮೇಲೊಬ್ಬರು ಪರಿಷ್ಕರಿಸಿದರು. ಸಿದ್ಧರಾಮನ ದೀಕ್ಷೆಯ ವಿಷಯದಲ್ಲಿ ಈ ಪಾಠಗಳೊಳಗೆ ಭೇದವುಂಟು. ಭೇದವಿದ್ದರೂ ನಾಲ್ಕೂ ಪಾಠಗಳು ಉಳಿದು ಬಂದಿವೆ. ಆದ್ದರಿಂದ ಭಿನ್ನಾಭಿಪ್ರಾಯವು ಭಕ್ತಿಗೆ ಕುಂದಲ್ಲ.

ಕುಂದಾಗುವದು ಮೌನಪೂಜೆಯಿಂದ. ಎಷ್ಟೋ ತಾಡೋಲೆಯ ಕಟ್ಟುಗಳು ಜಗುಲಿಯ ಮೇಲೆ ವಿಭೂತಿ ಪತ್ರೆಗಳನ್ನು ಹೊತ್ತು ಕುಳಿತು, ಬಿಚ್ಚಿ ನೋಡುವವರಿಲ್ಲದೆ ಹುಳಕ್ಕೆ ಆಹಾರವಾದವು. ಉಳಿದವುಗಳನ್ನು ಹುಡುಕಿ ತಂದ ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲನೆಯ ಭಾಗವನ್ನು ಪ್ರಕಟಿಸಿದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ವಕೀಲಿಯಿಂದ ಸುಖವಾಗಿ ಬಾಳಬಹುದಾಗಿದ್ದ ಆ ಮಹನೀಯರು ಈ ಕಾರ್ಯಕ್ಕಾಗಿ ಸ್ವಂತ ಮನೆಯನ್ನೂ ಮಾರಿದರು. ಜಗುಲಿಯ ಮೇಲಿದ್ದುದು ಜನರ ಕೈಗೆ ಬರಬೇಕೆಂಬುದೇ ಅವರ ಹಂಬಲವಾಗಿತ್ತು. ಅಚ್ಚಾದ ಪುಸ್ತಕವನ್ನು ಮತ್ತೆ ಜಗುಲಿಗೇರಿಸಿ ಕೈಮುಗಿದರೆ ಆ ಮನೆಯನ್ನು ಮಾರಿದ್ದು ವ್ಯರ್ಥವಾದಂತೆಯೇ ಸರಿ.

ಇನ್ನು ಗೋಷ್ಠಿಗೂ ಒಂದು ನೇಮವು ಅವಶ್ಯ. ಓದದೆ ಬಂದವನು ಆ ದಿನ ಕೇಳುವವನಾಗಿರಲಿ. ಓದಿದವನು ಪುಟವನ್ನು ತೆರೆದು, ಮೆಚ್ಚಿದ ಅಥವಾ ಒಪ್ಪದ ಸ್ಥಳವನ್ನು ತೋರಿಸಿ, ಕಾರಣವನ್ನು ಹೇಳಲಿ. ಕಾರಣವಿಲ್ಲದ ಹೊಗಳಿಕೆಯೂ ಕಾರಣವಿಲ್ಲದ ತೆಗಳಿಕೆಯೂ ಒಂದೇ ತೂಕದವು. ಹಿರಿಯರು ಮೊದಲು ಮಾತಾಡಿಬಿಟ್ಟರೆ ಕಿರಿಯರ ಬಾಯಿ ಕಟ್ಟಿಹೋಗುವದರಿಂದ ಕಿರಿಯರೂ ತಾಯಂದಿರೂ ಮೊದಲು ಹೇಳುವದು ಲೇಸು. ಅಕ್ಷರ ಬಾರದ ಒಕ್ಕಲಿಗನಿಗೆ ಒಬ್ಬರು ಓದಿ ಹೇಳಲಿ; ಮಳೆ ಬೆಳೆಗಳ ಕಷ್ಟಸುಖವನ್ನು ಕಂಡ ಅವನ ಒಂದು ಮಾತು ಪಂಡಿತರಿಗೆ ಹೊಳೆಯದ ಅರ್ಥವನ್ನು ಬಿಡಿಸಬಹುದು. ಕಡೆಗೆ, ಎದುರಿನವನ ಮಾತಿನಿಂದ ತನ್ನ ಅಭಿಪ್ರಾಯವು ತಪ್ಪೆಂದು ಕಂಡರೆ ಅದನ್ನು ಸಭೆಯಲ್ಲಿಯೇ ಬಿಟ್ಟುಕೊಡುವ ಧೈರ್ಯವು ಬೇಕು. ಓದಿನಿಂದ ಅಹಂಕಾರವು ಬೆಳೆಯಿತೋ ಕರಗಿತೋ ಎಂಬುದು ಆ ಗಳಿಗೆಯಲ್ಲಿಯೇ ತಿಳಿದುಬರುವದು.

ಈ ಮಹೋತ್ಸವದ ದೀಪಗಳು ನಾಳೆ ಆರಿದರೂ ಊರೂರಿನ ಗೋಷ್ಠಿಗಳಲ್ಲಿ ಅರಿವಿನ ದೀಪವು ಆರದಿರಲಿ.